ಕೆಂಪು ದೋಣಿಯ ಚೂರುಗಳು

ಬೀದಿಗಳ ಬದಲು ಕಾಲುವೆಗಳೇ ಇದ್ದ ಒಂದು ನಗರ. ಉಸಿರನ್ನು ಗಡಿಗೆಗಳಲ್ಲಿ ತುಂಬಿ ಮನೆಮನೆಗೆ ಮುಟ್ಟಿಸುವ ದೋಣಿಗಳಿಗೆ ಅಲ್ಲಿ ಕೆಂಪು ಬಣ್ಣ. ಕೆಂಪನ್ನು ಯಾರೂ ತಡೆಯಕೂಡದು, ಪ್ರಶ್ನಿಸಕೂಡದು. ನಿಯಮವೆಂದರೆ ನಿಯಮ.

ಒಮ್ಮೆ ಬೂದು ಬಣ್ಣದ ದೋಣಿಗಳಲ್ಲಿ ವೈರಿಗಳು ನುಗ್ಗಿದರು. ನಗರ ಜ್ವರ ಬಂದಂತೆ ಕಾಯಿತು. ಕಾವಲುಪಡೆ ವೈರಿಗಳನ್ನು ನಿರ್ನಾಮ ಮಾಡಿತು. ಆ ಗದ್ದಲದಲ್ಲಿ ಕೆಂಪು ದೋಣಿಗಳೂ ಲೆಕ್ಕವಿಲ್ಲದಷ್ಟು ಒಡೆದವು. ಅವುಗಳ ಮೊನಚಾದ ಚೂರುಗಳು ನೀರಿನ ಸೆಳೆತಕ್ಕೆ ಹರಿದುಹೋಗಿ ಕಾಲುವೆಯ ಗೋಡೆಗಳಿಗೆ ನಾಟಿಕೊಂಡವು.

ಗೋಡೆ ಕಾಯುವುದು ತಾಯವ್ವನ ಕೆಲಸ. ಅವಳ ಬಾಣಂತಿ ಮಗಳು ಹಸುಗೂಸಿನೊಂದಿಗೆ ಗೋಡೆಗೆ ಒತ್ತಿಕೊಂಡ ಮನೆಯಲ್ಲೇ ಇದ್ದಳು. ನೀರು ಒಳಕ್ಕೆ ಜಿನುಗುವುದನ್ನು ಕಂಡ ತಾಯವ್ವ ಕಾವಲುಪಡೆಯ ದಳಪತಿಯ ಬಳಿಗೆ ಓಡಿದಳು.

"ಸ್ವಾಮಿ, ಚೂರುಗಳನ್ನು ಕೀಳಿಸಿ. ಗೋಡೆ ಸೀಳುತ್ತಿದೆ."

"ಯಾವ ಬಣ್ಣದ ಚೂರು?"

"ಕೆಂಪು."

"ಇಷ್ಟು ದಿನ ಉಸಿರು ತಂದುಕೊಟ್ಟದ್ದನ್ನು ಕಿತ್ತು ಬಿಸಾಡಬೇಕೆ? ನಾಚಿಕೆಯಾಗುವುದಿಲ್ಲವೇನಮ್ಮ?"

ಪಕ್ಕದ ಕಾವಲುಗಾರ ನಕ್ಕ. "ಅವ್ವನಿಗೆ ವಯಸ್ಸಾಯಿತು ಸ್ವಾಮಿ. ನಾಳೆ ಮನೆಯ ಕುಂಕುಮದ ಭರಣಿಯನ್ನೂ ವೈರಿ ಅನ್ನುತ್ತಾಳೆ."

ತಾಯವ್ವ ತಾನೇ ಕೀಳಲು ನೋಡಿದಳು. ಕೈ ಹರಿಯಿತೇ ಹೊರತು ಚೂರು ಅಲುಗಲಿಲ್ಲ.

"ಬೇರೆ ಕಡೆ ಹೋಗೋಣ, ಏಳೇ," ಎಂದಳು ಮಗಳಿಗೆ.

"ಎಲ್ಲಿಗವ್ವಾ? ಎಲ್ಲ ಗೋಡೆಯೂ ಹೀಗೇ ಜಿನುಗುತ್ತಿದೆಯಂತೆ."

ಬೂದು ಬಣ್ಣ ಕಂಡರಷ್ಟೇ ಪಡೆ ಬರುವುದಾದರೆ ಬೂದು ಬಣ್ಣವೇ ಇರಲಿ ಎಂದುಕೊಂಡ ತಾಯವ್ವ ಒಲೆಯ ಬೂದಿಯನ್ನು ಬಾಚಿ ತಂದು ಒದ್ದೆ ಚೂರುಗಳಿಗೆಲ್ಲ ಮೆತ್ತಿದಳು. ಆಮೇಲೆ ಕೂಗಿದಳು: "ವೈರಿ! ಗೋಡೆಯಲ್ಲಿ ವೈರಿ!"

ಪಡೆ ಹುರುಪಿನಿಂದ ಓಡಿ ಬಂತು. ಕೀಳುವ ಯೋಚನೆ ಒಬ್ಬನಿಗೂ ಬರಲಿಲ್ಲ. ಭರ್ಜಿ, ಸುತ್ತಿಗೆ, ಪಂಜು ಹಿಡಿದು ಗೋಡೆಯ ಮೇಲೇ ಬಿದ್ದರು.

"ಚುಚ್ಚಬೇಡ್ರಪ್ಪಾ, ಕೀಳಿ! ಒಳಗೆ ಕೂಸಿದೆ!"

ಯಾರ ಕಿವಿಗೂ ಬೀಳಲಿಲ್ಲ. ಗೋಡೆ ಕುಸಿಯಿತು. ಕಾಲುವೆ ಇಡಿಯಾಗಿ ಮನೆಯೊಳಕ್ಕೆ ನುಗ್ಗಿತು. ಮುರಿದ ಬಾಗಿಲಿನಿಂದ ಮಗುಚಿದ ತೊಟ್ಟಿಲೊಂದು ತೇಲಿ ಹೊರಬಂತು. ತಾಯವ್ವ ನೀರಿಗಿಳಿದು ಅದನ್ನು ತಬ್ಬಿಕೊಂಡಳು.

ದಳಪತಿ ಬಗ್ಗಿ ಅವಶೇಷದಿಂದ ಒಂದು ಚೂರನ್ನು ಎತ್ತಿಕೊಂಡ. ಬೂದಿ ತೊಳೆದುಹೋಗಿತ್ತು. ಅವನು ಅದನ್ನು ಭಕ್ತಿಯಿಂದ ಹಣೆಗೊತ್ತಿಕೊಂಡ.

"ನೋಡಿರಿ, ಕೊನೆಯವರೆಗೂ ಗೋಡೆಯನ್ನು ಹಿಡಿದು ನಿಂತದ್ದು ನಮ್ಮ ಕೆಂಪೇ," ಎಂದ. "ಉಳಿದ ಗೋಡೆಗಳಿಗೂ ಇವನ್ನು ನಾಟಿಸಿ. ಆಳಕ್ಕೆ ನಾಟಿಸಿ."