ಓರಗಿತ್ತಿಯ ಬೆನ್ನು

ನನ್ನ ಓರಗಿತ್ತಿ ಚನ್ನಾಜಮ್ಮನ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಅವಳು ಮಾಡಿದ ಉಪಕಾರ ಹೇಳುತ್ತ ಹೇಳುತ್ತ ನಾನು ಕರಗಿಬಿಡುತ್ತೇನೆ ಅಂತ ಯಾರೂ ಕಾಯಬೇಡಿ.

ತೊಂಬತ್ತೆಂಟರ ದೀಪಾವಳಿ ಕಳೆದ ಮೇಲೆ ನನ್ನ ಗಂಡ ಪುಟ್ಟಬಸವಯ್ಯನವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಮಾತು ಮೂರೂ ಹೋದವು. ನಂಜನಗೂಡಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ನಮ್ಮ ಹದಿನಾರು ಗ್ರಾಮದ ಅರ್ಧ ಊರು ನೋಡಲು ಬಂತು. ಬನ್ನು, ಮೂಸಂಬಿ, ಸಕ್ಕರೆ ಕಾಯಿಲೆಯ ಮನುಷ್ಯನಿಗೆ ಒಂದು ಚಿಪ್ಪು ರಸಬಾಳೆ ಬೇರೆ. 'ಎಂಗಿದ್ದೋರು ಎಂಗಾಗ್ಬುಟ್ರು' ಎಂದು ಅವರ ಮುಖದ ಮುಂದೆಯೇ ಲೊಚಗುಟ್ಟಿ, ಕಾಫಿ ಕುಡಿದು ಹೋಗುವರು. ಲೋಟ ತೊಳೆದವಳು ನಾನು.

ಲಿಂಗಪೂಜೆ ಆಗದೆ ಅವರು ಬಾಯಿಗೆ ಹನಿ ನೀರು ಬಿಡುವವರಲ್ಲ. ಲಿಂಗ ಇಟ್ಟುಕೊಳ್ಳಬೇಕಾದ ಎಡ ಅಂಗೈಯೇ ಸತ್ತು ಹೋಗಿತ್ತು. ನಾನು ಆ ಬೆರಳು ಬಿಡಿಸಿ, ಕೆಳಗಿನಿಂದ ಕೈ ಹಿಡಿದು, ಲಿಂಗ ಇಟ್ಟು ನೀರೆರೆಯಬೇಕು. ಅಷ್ಟರಲ್ಲಿ ಅವರು ಗೋಡೆಯಿಂದ ಜಾರಿ ಎಡಕ್ಕೆ ವಾಲಿಬಿಡುವರು. ಒಂದು ದಿನ ಹಾಗೆ ವಾಲಿದಾಗ ಲಿಂಗ ನೆಲಕ್ಕೆ ಬಿತ್ತು. ಆವತ್ತಿನಿಂದ ಬಾಯಿ ಮುಚ್ಚಿದರು. ಮೂರು ದಿನ ಗಂಜಿ ಇಳಿಯಲಿಲ್ಲ. ಹಿಂದೆ ಕೂತು ಹಿಡಿದುಕೊಳ್ಳಿ ಎಂದರೆ ಬನ್ನು ತಂದವರಲ್ಲಿ ಒಬ್ಬರಿಗೂ ಪುರುಸೊತ್ತಿಲ್ಲ.

ನಾಲ್ಕನೆಯ ಬೆಳಿಗ್ಗೆ ಚನ್ನಾಜಮ್ಮ ಬಂದಳು. ಅವಳು ತೀರಿಹೋದ ನನ್ನ ಮೈದುನ ಗುರುಮಲ್ಲಪ್ಪನ ಹೆಂಡತಿ. ಜಗಳವಾಡಿ ಪಾಲಾದ ಮೇಲೆ ಒಂದೇ ಮನೆಗೆ ನಡುವೆ ಗೋಡೆ ಎದ್ದು ಒಂಬತ್ತು ವರ್ಷ. ಈ ಕಡೆಗೆ ಅವಳು ಕಾಲಿಟ್ಟಿರಲಿಲ್ಲ.

"ಏನು, ನೋಡಿ ಸಂತೋಷಪಡಕ್ಕೆ ಬಂದ್ಯಾ?" ಎಂದೆ.

"ಊ ಕಣಕ್ಕ, ಅದಕ್ಕೇ ಬಂದಿವ್ನಿ. ಅತ್ಲಾಗೆ ಸರಿ."

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ, ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ಅವಳು ತಲೆ ತುಂಬ ಸೆರಗು ಹೊದ್ದು, ಅವರಿಗೆ ಬೆನ್ನು ಮಾಡಿ ಕೂತು, ತನ್ನ ಬೆನ್ನಿಗೆ ಅವರ ಬೆನ್ನು ಆನಿಸಿಕೊಂಡಳು. ಅವರು ಯಾವ ಕಡೆ ವಾಲಿದರೆ ಆ ಕಡೆಯಿಂದ ಒತ್ತಿ ನೆಟ್ಟಗೆ ಮಾಡುವಳು. ಪೂಜೆ ಆಯಿತು. ಅವರು ಉಂಡರು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಅಂದಿನಿಂದ ದಿನಾ ಬಂದಳು. ಬಂದದ್ದೇ ಜಗಳ.

"ಗಂಜಿಗೆ ಉಪ್ಪು ಆಕಿದ್ದೀಯಾ? ವಾಸ್ನೇಲೇ ಗೊತ್ತಾಯ್ತದೆ, ಸಪ್ಪೆ."

"ನಿನ್ನ ಬೆನ್ನು ಸಾಕು ನಂಗೆ. ಬಾಯಿ ಮನೇಲೇ ಬಿಟ್ಟು ಬಾ."

ಅವಳನ್ನು ಬಯ್ಯುವಾಗಲೆಲ್ಲ ನನಗೆ ಒಳಗೆ ಪುಕುಪುಕು. ಗುರುಮಲ್ಲಪ್ಪ ಕಾಮಾಲೆಯಾಗಿ ಗೋಡೆಯಾಚೆ ಸಾಯುತ್ತಿದ್ದಾಗ ಅಣ್ಣನನ್ನು ಕರೆಯಿರಿ ಎಂದು ಹೇಳಿ ಕಳಿಸಿದ್ದ. ಇವರು ಅಂಗಿ ಹಾಕಿಕೊಂಡು ಎದ್ದೂ ಬಿಟ್ಟಿದ್ದರು. ಅಡ್ಡ ನಿಂತವಳು ನಾನು. 'ಆ ಹೊಸ್ತಿಲು ತುಳಿದ್ರೆ ನಾನು ಬಾವಿ ನೋಡ್ಕತ್ತೀನಿ' ಎಂದಿದ್ದೆ. ಇವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕೂತರು. ತಮ್ಮನ ಸಾವಿಗೂ ಹೋಗದ ಕಲ್ಲೆದೆಯವನು ಎಂದು ಊರೆಲ್ಲ ಇವರಿಗೆ ಉಗಿಯಿತು. ಇವರು ನನ್ನ ಹೆಸರು ಹೇಳಲಿಲ್ಲ. ನಾನಂತೂ ಹೇಳಲಿಲ್ಲ. ಈಗ ಹೇಳಿದರೆ ಚನ್ನಾಜಮ್ಮ ಎದ್ದು ಹೋಗುತ್ತಾಳೆ, ಇವರು ಉಪವಾಸ ಸಾಯುತ್ತಾರೆ.

ಶಿವರಾತ್ರಿ ಹತ್ತಿರ ಬಂದಾಗ ಅವರು ಮತ್ತೆ ಬಾಯಿ ಮುಚ್ಚಿದರು. ಪೂಜೆಯಾದರೂ ಎರಡು ದಿನ ತುಟಿ ಬಿಚ್ಚಲಿಲ್ಲ, ಯಾಕೆ ಅಂತ ತಿಳಿಯಲೂ ಇಲ್ಲ. ಗದರಿದೆ, ಗೋಗರೆದೆ. ಗಂಜಿ ಗಲ್ಲದ ಮೇಲೆ ಇಳಿಯಿತು. ಆಗ ಬೆನ್ನ ಹಿಂದಿನಿಂದ, ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ, ಚನ್ನಾಜಮ್ಮ ಅವರೊಂದಿಗೆ ಮಾತಾಡಿದಳು.

"ಭಾವ, ಅಣ್ಣ ಬಂದು ನೀರು ಕುಡಿಸ್ಲಿ ಅಂತ ನಮ್ಮೋರೂ ಇಂಗೇ ಬಾಯಿ ಮುಚ್ಕಂಡಿದ್ರು. ಅಂಗೇ ಓಗ್ಬುಟ್ರು. ನೀವು ಬರ್ಲಿಲ್ಲ."

ಅವರ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಬಾಯಿ ಇಲ್ಲದ ಮನುಷ್ಯ, ನನ್ನ ಪಾಪವನ್ನು ಇನ್ನೊಂದು ಸಲ ಹೊತ್ತುಕೊಂಡು ಕೂತಿದ್ದರು. ನನ್ನಿಂದ ತಡೆಯಲಾಗಲಿಲ್ಲ. ಹಾಳಾಗಿ ಹೋಗಲಿ, ಎದ್ದು ಹೋದರೆ ಹೋಗಲಿ ಎನಿಸಿತು.

"ಅವರು ಬರಕ್ಕೆ ಹೊಂಟಿದ್ರು ಕಣೇ ಚನ್ನಾಜಿ. ತಡೆದೋಳು ನಾನು."

ಬೆನ್ನು ಅಲುಗಲಿಲ್ಲ.

"ಗೊತ್ತು. ನೀನು ಕಿರುಚಿದ್ದು ಗೋಡೆ ಆಚೆಗೆ ಕೇಳ್ತು. ನಮ್ಮೋರಿಗೂ ಕೇಳ್ತು. ಆಮೇಲೇನೆ ಉಸ್ರು ಬಿಟ್ಟಿದ್ದು."

ನಾನು ಚಮಚವನ್ನು ಗಂಜಿಯ ಬಟ್ಟಲಿಗೆ ಹಾಕಿಬಿಟ್ಟೆ. ಅಷ್ಟು ದಿನ, ಅದನ್ನು ಎದೆಯಲ್ಲಿಟ್ಟುಕೊಂಡು, ಇವಳು ನಮ್ಮ ಮನೆಗೆ ಬಂದು ಬೆನ್ನು ಕೊಟ್ಟಿದ್ದಳು.

"ಮತ್ಯಾಕೆ ಬಂದೆ?" ಎಂದೆ. ಅಳು ಬಂದುಬಿಟ್ಟಿತ್ತು.

"ನಮ್ಮೋರು ಉಪವಾಸ ಸತ್ತಿದ್ದ ನೋಡಿವ್ನಿ. ಇನ್ನೊಂದು ನೋಡಕ್ಕೆ ಆಗಲ್ಲ. ಅಳದು ಆಮೇಲೆ ಮಾಡು, ಗಂಜಿ ಆರೋಯ್ತದೆ."

ಅವರು ಬಾಯಿ ತೆರೆದರು.