ಕರೆದರೆ ಬರುವ ಕೆಂಪಯ್ಯ

"ಆ ಹೆಣಾನ ಎರಡನೇ ಪುಟಕ್ಕೆ ಎಳೆದಾಕಮ್ಮ. ಅಷ್ಟೇ ನಿನ್ ಕೆಲ್ಸ. ಎರಡನೇ ಪುಟಕ್ಕೆ ಯಾವ ಬೋಳಿಮಗನೂ ಹೋಗಲ್ಲ."

ವಿಶ್ವಾರಾಧ್ಯ ಸಾರ್ ನನಗೆ ಹೇಳಿದ ಮೊದಲನೇ ಮಾತು ಇದು. ರಾಜಾಜಿನಗರದ ಆಫೀಸಿನಲ್ಲಿ ನನ್ನ ಮೊದಲನೇ ದಿನ. ಕುರ್ಚಿಯ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅಪಾರ್ಟ್‌ಮೆಂಟ್ ಕಟ್ಟಿ ಮಾರೋ ಕಂಪನಿ. ಜನ ಗೂಗಲ್‌ನಲ್ಲಿ ಮನೆ ಹುಡುಕಿದಾಗ ನಮ್ಮದೇ ಮೇಲೆ ಕಾಣೋ ಹಾಗೆ ಮಾಡೋದಕ್ಕೆ ಸರ್ಚ್ ಮಾರ್ಕೆಟಿಂಗ್ ಅಂತಾರೆ. ನನಗೆ ಯಾರೂ ಕಲಿಸಿದ್ದಲ್ಲ. ಚಂದ್ರಾ ಲೇಔಟಿನ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕ್ತಾ ಹಾಕ್ತಾ ಫೋನಲ್ಲಿ ನೋಡಿ ಕಲಿತಿದ್ದು.

ಅವರು ಗೋಡೆಯ ದೊಡ್ಡ ಟಿವಿಯಲ್ಲಿ ಟೈಪ್ ಮಾಡಿ ತೋರಿಸಿದರು: ಬಿಲ್ವವನ, ಕೆಂಗೇರಿ. ಎಲ್ಲಕ್ಕಿಂತ ಮೇಲೆ ಒಂದು ಹಳೇ ಸುದ್ದಿ ಬಂತು. ಬಿಲ್ವವನ ಅಪಾರ್ಟ್‌ಮೆಂಟಿನ ಗುಂಡಿಗೆ ಇಳಿದ ಕಾರ್ಮಿಕ ಸಾವು. ಪಕ್ಕದಲ್ಲಿ ಫೋಟೋ. ಬಿಳಿ ಷರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ನಗೋಕೆ ಹೊರಟು ನಿಂತ ಮುಖ.

ನಮ್ಮಪ್ಪ. ಕೆಂಪಯ್ಯ.

ಅಪ್ಪ ಸತ್ತಾಗ ನಾವು ನೋಡಿದ್ದು ಕಂಟ್ರಾಕ್ಟರ್ ಮುಖ ಮಾತ್ರ. ಆ ಕಟ್ಟಡದ ಹಿಂದೆ ಯಾವ ಕಂಪನಿ, ಯಾವ ಸಾರ್ ಅಂತ ನಮಗೆ ಯಾರೂ ಹೇಳಿರಲಿಲ್ಲ.

"ಎರಡನೇ ಬ್ಲಾಕ್ ಮಾರ್ಬೇಕು ಈಗ. ಹೆಸರು ಹಾಕ್ತಿದ್ದಂಗೆ ಈ ಮುಖ ಬಂದು ಕೂರ್ತದೆ. ಶಿವ ಶಿವಾ, ಕಕ್ಕಸು ಗುಂಡಿ! ಮನೆ ಕೊಳ್ಳೋರು ಇದನ್ನ ನೋಡ್ಬೇಕಾ? ಕುಡ್ಕೊಂಡು ಇಳೀತಾವೆ ಮುಂಡೇವು, ಹಾಳಾಗೋದು ನಮ್ಮ ಹೆಸರು."

ಅಪ್ಪ ಕುಡೀತಿದ್ದ, ಸುಳ್ಳು ಯಾಕೆ. ಆದರೆ ಅವತ್ತು ಬೆಳಗ್ಗೆ ಕುಡಿದಿದ್ದು ರಾಗಿ ಅಂಬಲಿ. ನಾನೇ ಕೊಟ್ಟಿದ್ದು.

"ಮನೆ ಎಲ್ಲಮ್ಮ?"

"ಬಾಪೂಜಿ ನಗರ ಸಾರ್."

"ಬಾಪೂಜಿ ನಗರದಲ್ಲಿ ಯಾವ ಕಡೆ?"

ಹೇಳಿದೆ. ಅವರ ಹುಬ್ಬು ಮೇಲೆ ಹೋಯ್ತು. ಮಾರನೇ ದಿನದಿಂದ ಕಾಫಿ ನನಗೊಬ್ಬಳಿಗೆ ಪೇಪರ್ ಲೋಟದಲ್ಲಿ ಬಂತು. "ಹೊಸಬರಿಗೆ ಹಂಗೇ ಕಣ್ರೀ," ಅಂದ ಪಕ್ಕದ ಸೀಟಿನ ಯಶ್ವಂತ್, ತನ್ನ ಸ್ಟೀಲ್ ಲೋಟ ಊದುತ್ತಾ. ಅವನು ಸೇರಿದ್ದೂ ಅದೇ ವಾರ.

ಮನೆಯಲ್ಲಿ ಅಪ್ಪನ ಫೋಟೋ ಅಂತ ಇದ್ದಿದ್ದು ಒಂದೇ. ಸುದ್ದಿಯವರು ಬಂದು ಅದನ್ನ ಮೊಬೈಲಲ್ಲಿ ಹಿಡ್ಕೊಂಡು ಹೋದರು. ಆ ಮಳೆಗಾಲದಲ್ಲೇ ರಾಜಕಾಲುವೆ ನೀರು ಒಳಗೆ ನುಗ್ಗಿ ಅದೂ ಹೋಯ್ತು. ಆ ಸುದ್ದಿಯಿಂದಲೇ ತೆಗೆದು ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತಂದಿದ್ದೆ. ಅಮ್ಮ ಅದನ್ನ ಮಂಚದ ಕೆಳಗೆ ಮಗುಚಿ ಹಾಕಿದಳು.

"ಗ್ವಾಡೆಗೆ ಹೊಡುದ್ರೆ ಸತ್ತಂಗೆ ಕಣೇ. ಪೋನಲ್ಲಾದ್ರೆ ಕರುದ್ರೆ ಬತ್ತಾನೆ."

ಅಮ್ಮನಿಗೆ ಓದು ಬರಲ್ಲ. ದಿನಾ ಸಂಜೆ ದೀಪ ಹಚ್ಚಿ, ನನ್ನ ಫೋನಿನ ಮೈಕ್ ಒತ್ತಿ ಕರೀತಾಳೆ: "ಬಿಲ್ವವನದ್ ಗುಂಡಿ ಕೆಂಪಯ್ಯ." ಮೊದಲು ಬಂದಿದ್ದನ್ನ ಒತ್ತುತ್ತಾಳೆ. ಅಪ್ಪ ಬರ್ತಾನೆ. ದೀಪಕ್ಕೆ ಎದುರಾಗಿ ಒರಗಿಸಿಟ್ಟು ಸಮಾಚಾರ ಶುರು: ನಲ್ಲೀಲಿ ನೀರು ಬರಲಿಲ್ಲ, ಪಕ್ಕದ ಮನೆ ಶಿವಕ್ಕನಿಗೆ ಮಂಡಿ ನೋವು. ಪರದೆ ಕಪ್ಪಾದರೆ ಬೆರಳಲ್ಲಿ ತಟ್ಟುತ್ತಾಳೆ. "ನಿದ್ದೆ ಮಾಡ್ಬ್ಯಾಡ, ಇನ್ನೂ ಐತೆ ಕೇಳು."

ನಾನು ಕೆಲಸಕ್ಕೆ ಸೇರಿದ ದಿನ ಹೇಳಿದಳು, "ನಿನ್ ಮಗ್ಳಿಗೆ ಆಪೀಸ್ ಕೆಲ್ಸ ಸಿಕ್ತು ಕಣಯ್ಯ. ಫ್ಯಾನ್ ಕೆಳಗೆ."

ಯಾವ ಆಫೀಸು ಅಂತ ನಾನು ಹೇಳಲಿಲ್ಲ. ಅಮ್ಮ ಇನ್ನೂ ಮೂಡಲಪಾಳ್ಯದಲ್ಲಿ ಬೇರೆಯವರ ಬಾತ್‌ರೂಮ್ ತೊಳೀತಿದ್ದಳು. ಅದನ್ನ ಬಿಡಿಸಬೇಕಿತ್ತು.

ಕೆಲಸ ಮಾಡಿದೆ. ಬಿಲ್ವವನದ ಗಣಪತಿ ಗುಡಿ, ಬಿಲ್ವವನದ ತೋಟ, ಬಿಲ್ವವನದಿಂದ ಮೆಟ್ರೋ ಎಷ್ಟು ಹತ್ತಿರ, ಹೀಗೆ ಪುಟದ ಮೇಲೆ ಪುಟ ಬರೆದು ಸುರಿದೆ. ಅಪ್ಪ ನಿಧಾನವಾಗಿ ಕೆಳಗೆ ಇಳಿದ. ಸಂಜೆಯಾದರೆ ಮತ್ತೆ ಮೇಲೆ ಬರ್ತಿದ್ದ.

"ಯಾವ ಪೀಡೆ ಇದು!" ವಿಶ್ವಾರಾಧ್ಯ ಸಾರ್ ಟಿವಿ ಮೇಲಿನ ಹುಡುಕಾಟದ ಗ್ರಾಫಿಗೆ ಪೆನ್ನಿನಲ್ಲಿ ಕುಟ್ಟಿದರು. "ದಿನಾ ದೀಪ ಹಚ್ಚೋ ಹೊತ್ತಿಗೆ ಗುಂಡಿ ಕೆಂಪಯ್ಯ, ಗುಂಡಿ ಕೆಂಪಯ್ಯ ಅಂತ ಹುಡುಕ್ತಾರೆ. ಆ ನನ್ಮಗನಿಗೆ ಯಾರಮ್ಮ ಅಷ್ಟೊಂದು ನೆಂಟ್ರು?"

"ದೆವ್ವ ಇರ್ಬೇಕು ಸಾರ್," ಅಂದ ಯಶ್ವಂತ್. ಎಲ್ಲರೂ ನಕ್ಕರು.

"ನಿಂಗೇನಾದ್ರೂ ಗೊತ್ತೇನಮ್ಮ?"

"ಗೊತ್ತಿಲ್ಲ ಸಾರ್."

"ಹಂಗಾದ್ರೆ ಅವನ ಹೆಸರಿಗೇ ಒಂದ್ ಪುಟ ಮಾಡು. ಮೇಲೆ ಸ್ವಿಮ್ಮಿಂಗ್ ಪೂಲ್ ಇಡು. ಕೆಳಗೆ ಸಣ್ಣಕ್ಷರದಲ್ಲಿ ಕುಡ್ದು ಬಿದ್ದ ಅಂತ ಹಾಕು. ಯಾವನೇ ಹುಡುಕಿದ್ರೂ ಅದೇ ಸಿಗ್ಲಿ."

ಮಾಡಿದೆ. ನನ್ನ ಕೈಯಾರೆ. ಕೆಲವು ದಿನಕ್ಕೆ ಆ ಪುಟ ಎಲ್ಲಕ್ಕಿಂತ ಮೇಲೆ ಹತ್ತಿತು. ಸಾರ್ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ನನ್ನದನ್ನ ಮಾತ್ರ ಟಿಶ್ಯೂ ಮೇಲೆ, ಮೇಲಿಂದ ಬಿಟ್ಟರು.

ಅವತ್ತು ಸಂಜೆ ಅಮ್ಮ ದೀಪ ಹಚ್ಚಿ ಕರೆದಳು. ಮೊದಲು ಬಂದಿದ್ದನ್ನ ಒತ್ತಿದಳು.

"ಇದ್ಯಾವ್ ನೀರೇ ಸುಮಾ? ನಿಮ್ಮಪ್ಪ ಎಲ್ಲೋದ?"

ಪರದೆ ತುಂಬ ನೀಲಿ. ಮತ್ತೆ ಕರೆದಳು. ಮತ್ತೆ ನೀರು. ಶಿವಕ್ಕನ ಫೋನ್ ಇಸ್ಕೊಂಡು ಬಂದು ಕರೆದಳು. ಅದರಲ್ಲೂ ನೀರು.

"ಇದ್ರೊಳಕ್ಕೂ ಇಳಿಸವ್ರೇನೇ ಅವನ್ನ?" ನೀರು ಚೆಲ್ಲೋ ಹಾಗೆ ಫೋನನ್ನ ಬಗ್ಗಿಸಿ ಹಿಡಿದಳು. ದೀಪ ಹತ್ತಿರ ತಂದು ಇಣುಕಿದಳು. "ಯಾವ್ ಮುಂಡೇದೇ ಇವನ್ ಮ್ಯಾಲೆ ನೀರ್ ಬುಟ್ಟಿದ್ದು? ಅದ್ರ ಕೈ ಸೇದೋಗ!"

ನಾನು ನನ್ನ ಕೈಗಳನ್ನ ಸೆರಗಿನಲ್ಲಿ ಮುಚ್ಚಿಕೊಂಡೆ.

ಮಾರನೇ ದಿನ ಪೇಪರ್ ಲೋಟದ ಕಾಫಿ ಮುಟ್ಟದೆ ಆ ಪುಟ ತೆರೆದೆ. ಈಜುಕೊಳ ತೆಗೆದೆ. ಸಣ್ಣಕ್ಷರ ಅಳಿಸಿದೆ. ಪರದೆ ತುಂಬ ಅಪ್ಪನನ್ನ ಇಟ್ಟು ಕೆಳಗೆ ದೊಡ್ಡಕ್ಷರದಲ್ಲಿ ಬರೆದೆ: "ಇವರು ಕೆಂಪಯ್ಯ. ಬಿಲ್ವವನದ ಗುಂಡಿಗೆ ಇವರನ್ನು ಇಳಿಸಿದರು. ಸೊಂಟಕ್ಕೆ ಹಗ್ಗ ಕೊಡಲಿಲ್ಲ. ಅವತ್ತು ಕುಡಿದಿದ್ದು ರಾಗಿ ಅಂಬಲಿ. ಕೊಟ್ಟವಳು, ಇದನ್ನು ಬರೆದವಳು, ಮಗಳು ಸುಮಾ." ಗುಡಿ, ತೋಟ, ಮೆಟ್ರೋ, ನಾನು ಬರೆದ ಯಾವ ಪುಟ ಒತ್ತಿದರೂ ಇಲ್ಲಿಗೇ ಬರೋ ಹಾಗೆ ತಿರುಗಿಸಿದೆ. ಪಾಸ್‌ವರ್ಡ್ ಬದಲಾಯಿಸಿದೆ. ಆ ಲೋಟವನ್ನ ವಿಶ್ವಾರಾಧ್ಯ ಸಾರ್ ಮೇಜಿನ ಮೇಲಿಟ್ಟು ಬಸ್ ಹತ್ತಿದೆ.

ಸಂಜೆ ಅಮ್ಮ ಹೆದರಿ ಹೆದರಿ ಕರೆದಳು. ಒತ್ತಿದಳು.

"ಬಂದ್ಯಾ? ಎಲ್ಲೋಗಿದ್ಯೋ ಇಷ್ಟೊತ್ತು?"

ಅಷ್ಟರಲ್ಲಿ ಫೋನ್ ಹೊಡ್ಕೊಂಡಿತು. ಅಪ್ಪನ ಹಣೆಗೆ ಅಡ್ಡಪಟ್ಟಿ ಕಟ್ಟಿದ ಹಾಗೆ ಒಂದು ಹೆಸರು ಬಂತು. ವಿಶ್ವಾರಾಧ್ಯ ಸಾರ್.

"ಇದ್ಯಾರೇ, ಇವನ್ ಮಕದ್ ಮ್ಯಾಲೆ ಬಂದು ಕುಂತೋನು?"

"ಬಿಲ್ವವನದವ್ರು ಕಣಮ್ಮ."

ಅಮ್ಮ ಹಸಿರು ಒತ್ತಿ ಫೋನನ್ನ ಬಾಯಿ ಹತ್ತಿರ ಹಿಡಿದಳು. ಆ ಕಡೆಯ ಕೂಗಾಟ ನನಗೂ ಕೇಳಿಸ್ತಿತ್ತು. "ಸ್ವಲ್ಪ ತಡಿಯಪ್ಪಾ," ಅಂದಳು, "ಕೆಂಪಯ್ಯನ್ ತಾವ ಮಾತಾಡ್ತಾವ್ನಿ." ಕೆಂಪು ಒತ್ತಿದಳು.

ಫೋನ್ ಮತ್ತೆ ಹೊಡ್ಕೊಳ್ಳೋಕೆ ಶುರುವಾಯ್ತು. ದೀಪದ ಮುಂದೆ ಅಪ್ಪನ ಮುಖ ಗಡಗಡ ನಡುಗ್ತಿತ್ತು. ಅಮ್ಮ ಅದನ್ನ ಎರಡೂ ಕೈಯಲ್ಲಿ ಅದುಮಿ ಹಿಡಿದಳು.

"ಹೆದ್ರುಕೋಬ್ಯಾಡ," ಅಂದಳು ಅವನಿಗೆ. "ಈ ಸಲ ಹಿಡ್ಕೊಂಡಿವ್ನಿ."