ಮುಚ್ಚಿದ ಸ್ಟೇಷನ್ನಿಗೆ ಒಂದು ತಂಬಿಗೆ ನೀರು

ಲಿಂಗಸುಗೂರಿನಿಂದ ಬಂದ ಮೊದಲ ಬಸ್ಸು ಅಂದು ಮಸ್ಕಿಯಲ್ಲಿ ಸೀಟಿಯಿಲ್ಲದೆ ನಿಂತಿತು. ಕಂಡಕ್ಟರ್ ಗದ್ದೆಪ್ಪ ಇಳಿದು ರಸ್ತೆ ದಾಟಿ ವಿರೂಪಾಕ್ಷಪ್ಪನ ಹೊಲಿಗೆ ಅಂಗಡಿಯ ಮುಂದೆ ಬಂದ. ವಿರೂಪಾಕ್ಷಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಮಷೀನಿಗೆ ದಾರ ಪೋಣಿಸುತ್ತಿದ್ದ.

“ಕಾಕಾ, ಡ್ರೈವರ್ ಗಾದಿಲಿಂಗಪ್ಪ ಹೋಗ್ಯಾನ.”

“ಎಲ್ಲಿಗೆ?” ಎಂದು ಕೇಳಿದ ವಿರೂಪಾಕ್ಷಪ್ಪ. ಅವನಿಗೆ ಗೆಳೆಯ ಹೋಗುವ ಊರು ಒಂದೇ ಗೊತ್ತಿತ್ತು, ಹೈದರಾಬಾದ್. ಗದ್ದೆಪ್ಪ ತಲೆ ತಗ್ಗಿಸಿದಾಗ ಅರ್ಥವಾಯಿತು. ಕೈಯಲ್ಲಿದ್ದ ದಾರ ಕೈಯಲ್ಲೇ ಉಳಿಯಿತು.

ಗಾದಿಲಿಂಗಪ್ಪ ಲಿಂಗಸುಗೂರು ಡಿಪೋದಲ್ಲಿ ಡ್ರೈವರನಾಗಿದ್ದು ನಿವೃತ್ತನಾದವನು. ಬಹಳ ವರ್ಷ ಹೈದರಾಬಾದಿನ ಬಸ್ಸು ಓಡಿಸಿದ್ದ. ಅಲ್ಲಿ ಬಸ್ಸು ನಿಲ್ಲಿಸಿದ ಮೇಲೆ ಉಳಿದವರು ಮಲಗಿದರೆ, ಅವನು ರೈಲ್ವೆ ಸ್ಟೇಷನ್ ನೋಡಲು ಹೊರಡುತ್ತಿದ್ದ. ಊರಿಗೆ ಹೋಗುವುದಕ್ಕಲ್ಲ, ಬರೀ ನೋಡುವುದಕ್ಕೆ. ಮಸ್ಕಿಯಲ್ಲಿ ಚಹಾಕ್ಕೆ ಬಸ್ಸು ನಿಲ್ಲಿಸಿದಾಗಲೆಲ್ಲ ಗೆಳೆಯನ ಅಂಗಡಿಯ ಕಟ್ಟೆಯ ಮೇಲೆ ಕೂತು ಅದೇ ಮಾತು.

“ಸಿಕಂದರಾಬಾದ ಅಂದ್ರ ಸಂತಿ ಇದ್ದಂಗ ಲೇ, ಒಳಗ ಹೋದಂವಗ ತನ್ನ ಧ್ವನಿ ತನಗ ಕೇಳಸಂಗಿಲ್ಲ. ನಾಂಪಲ್ಲಿ ಬೀಗರ ಮನಿ. ಹಳಿ ಅಲ್ಲೇ ಮುಗೀತದ, ಬಂದ ರೈಲು ಬಂದ ದಾರೀಲೇ ತಿರುಗಬೇಕು. ಕಾಚಿಗುಡ ನವಾಬರ ಹವೇಲಿ, ಗುಮ್ಮಟ ನೋಡಬೇಕು ನೀ.”

“ಬಸ್ಸಿನ ಪಗಾರ ತಗೊಂಡು ರೈಲಿನ ಭಜನಿ ಮಾಡ್ತಿ. ನಿಮ್ಮ ಸಾಹೇಬರಿಗೆ ಹೇಳ್ಲೇನು?” ಎಂದು ವಿರೂಪಾಕ್ಷಪ್ಪ ಕಾಡಿಸುತ್ತಿದ್ದ.

ಹೈದರಾಬಾದಿನಲ್ಲಿ ಮುಚ್ಚಿಹೋದ ಒಂದು ಸಣ್ಣ ಸ್ಟೇಷನ್ನೂ ಇತ್ತು. ಅದರ ಹೆಸರಿನ ಹಲಗೆಯನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಒಂದು ಬೇವಿನ ಮರ, ಒಂದು ಕಲ್ಲಿನ ಬೆಂಚು, ಅಷ್ಟೇ. ಗಾದಿಲಿಂಗಪ್ಪ ವರ್ಷಕ್ಕೊಮ್ಮೆ, ಹಿರಿಯರಿಗೆ ನೀರು ಬಿಡುವ ಮಹಾನವಮಿ ಅಮಾವಾಸ್ಯೆಯ ಹೊತ್ತಿಗೆ, ಅಲ್ಲಿಗೆ ಹೋಗಿ ಒಂದು ತಂಬಿಗೆ ನೀರು ಬಿಟ್ಟು ಕೈಮುಗಿದು ಬರುತ್ತಿದ್ದ. “ಎಷ್ಟು ಮಂದಿನ ಊರು ಮುಟ್ಟಿಸೇತಿ ಅದು. ಅದಕ್ಕ ಯಾರದಾರ ಹೇಳು, ಮಕ್ಕಳಾ ಮರಿಯಾ?” ಎನ್ನುತ್ತಿದ್ದ.

ಅವನು ಎಷ್ಟು ಕರೆದರೂ ವಿರೂಪಾಕ್ಷಪ್ಪ ಹೋಗಿರಲಿಲ್ಲ. ಪೂಜೆಗೆ ತೊಡಕಾಗುತ್ತದೆ, ಹೊರಗಿನ ನೀರು ಒಗ್ಗುವುದಿಲ್ಲ ಎನ್ನುತ್ತಿದ್ದ. ಕೊನೆಗೆ, “ಸಿಂಧನೂರಿಗೆ ರೈಲು ಬರ್ಲಿ, ಆಮ್ಯಾಲ ಬರ್ತೀನಿ,” ಎಂದುಬಿಟ್ಟಿದ್ದ. ಬರಲಾರದೆಂಬ ಧೈರ್ಯ ಅವನದು. ಆದರೆ ಬಂತು. ಇಬ್ಬರೂ ಹೋಗಿ ನೋಡಿದರು. ಗಾದಿಲಿಂಗಪ್ಪ ಹೊರಗೇ ಚಪ್ಪಲಿ ಬಿಟ್ಟು, ಹೊಸ ಫಲಾಟಿನ, ಅಂದರೆ ಪ್ಲಾಟ್‌ಫಾರ್ಮಿನ, ಅಂಚಿಗೆ ಒಂದು ಚಿಟಿಕೆ ಸಕ್ಕರೆ ಇಟ್ಟ. “ಇದು ಹಸುಗೂಸು. ಜೀವ ಇದ್ದದ್ದಕ್ಕ ಸಕ್ರಿ, ಹೋದದ್ದಕ್ಕ ನೀರು,” ಎಂದ. ಮುಂದಿನ ಮಹಾನವಮಿ ಅಮಾವಾಸ್ಯೆಗೆ ಹೈದರಾಬಾದಿಗೆ ಇಬ್ಬರೂ ಹೋಗುವುದೆಂದು ಮಾತಾಯಿತು. ಅಷ್ಟರಲ್ಲಿ ಅವನು ಹಾಸಿಗೆ ಹಿಡಿದ.

ಮಣ್ಣಾದ ಮೇಲೆ ಅವನ ಹೆಂಡತಿ ಬಸ್ಸಮ್ಮ ವಿರೂಪಾಕ್ಷಪ್ಪನನ್ನು ಕರೆದು ತಾಮ್ರದ ತಂಬಿಗೆಯನ್ನು ಕೈಗಿತ್ತಳು. “ಈ ವರ್ಷ ನೀರು ಬಿಡಾಕ ಆಗಲಿಲ್ಲ ಅಂತ ಭಾಳ ಹಳಹಳಿಸ್ಯಾನ್ರೀ ಅಣ್ಣಾರ. ವಿರೂಪಾಕ್ಷಿಗೆ ಹೇಳು, ಅಂವ ಬಿಡ್ತಾನ ಅಂದ.”

ಆ ನೀರು ಬೀಳುವ ತನಕ ಗೆಳೆಯನ ಜೀವ ಎಲ್ಲಿಯೋ ಫಲಾಟಿನ ಮೇಲೆ ಕಾಯುತ್ತ ನಿಂತಿರುತ್ತದೆ ಎಂದು ವಿರೂಪಾಕ್ಷಪ್ಪನಿಗೆ ಅನ್ನಿಸಿತು. ಮಸ್ಕಿಯ ಗುಡ್ಡ ಹತ್ತಿ ಮಲ್ಲಯ್ಯನ ದರ್ಶನ ಮಾಡಿ, ಅಲ್ಲಿಯ ಬಂಡೆಯ ನಡುವಿನ ದೊಣೆಯ ನೀರು ತುಂಬಿಕೊಂಡ. ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿದ. ಸಿಂಧನೂರಿನ ಸಾಲೆಯಲ್ಲಿ ಟೀಚರಾಗಿದ್ದ ಗಾದಿಲಿಂಗಪ್ಪನ ಮಗಳು ಅಮರೇಶ್ವರಿ ಜೊತೆಗೆ ಹೊರಟಳು. ರಾಯಚೂರಿನ ತನಕ ಬಸ್ಸು, ಅಲ್ಲಿಂದ ರೈಲು. ಕೃಷ್ಣೆ ದಾಟುವಾಗ ವಿರೂಪಾಕ್ಷಪ್ಪ ಎದ್ದು ನಿಂತು ಕೈಮುಗಿದ. ತಂಬಿಗೆಯನ್ನು ಮಾತ್ರ ದಾರಿಯುದ್ದಕ್ಕೂ ಕೆಳಗಿಡಲಿಲ್ಲ.

ಕಾಚಿಗುಡದಲ್ಲಿ ಇಳಿದು ಹೊರಬಂದು ತಿರುಗಿ ನೋಡಿದ. ಬಿಳಿಯ ಗುಮ್ಮಟ ಬಿಸಿಲಿನಲ್ಲಿ ನಿಂತಿತ್ತು. ಹೇಳಿದ್ದರಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. “ಖರೇನ ಹವೇಲಿ ಐತಲ್ಲ ಲೇ,” ಎಂದ. ಪಕ್ಕದಲ್ಲಿ ಅವನಿರಲಿಲ್ಲ. ಅಮರೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಟೋದವನಿಗೆ ಅವರು ಬೇವಿನ ಮರ, ಕಲ್ಲಿನ ಬೆಂಚು, ಸಣ್ಣ ಸ್ಟೇಷನ್ ಎಂದು ಗುರುತು ಹೇಳಿದರು. ಸುತ್ತಾಡಿಸಿ ಅವನು ಇಳಿಸಿದ ಜಾಗದಲ್ಲಿ ಬೇವಿನ ಮರವಿತ್ತು, ಕಲ್ಲಿನ ಬೆಂಚೂ ಇತ್ತು. ನಡುಮಧ್ಯಾಹ್ನ, ನರಪಿಳ್ಳೆ ಇಲ್ಲ, ಹೆಸರಿನ ಹಲಗೆಯೂ ಕಣ್ಣಿಗೆ ಬೀಳಲಿಲ್ಲ. ವಿರೂಪಾಕ್ಷಪ್ಪ ಚಪ್ಪಲಿ ಬಿಟ್ಟ, ತಂಬಿಗೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ, ಗೆಳೆಯನ ಹೆಸರು ಹೇಳಿ ಫಲಾಟಿನ ಮೇಲೆ ನಿಧಾನವಾಗಿ ನೀರು ಬಿಟ್ಟ.

“ಏನ್ ಮಾಡಾಕತ್ತೀರಿ ಅಜ್ಜಾರ?”

ಕಂಬದ ಮರೆಯಲ್ಲಿ ಕಸಬರಿಗೆ ಪಕ್ಕಕ್ಕಿಟ್ಟುಕೊಂಡು ಒಬ್ಬ ಹೆಂಗಸು ಉಣ್ಣುತ್ತ ಕೂತಿದ್ದಳು. ಮಾಬುಬೀ ಎಂದು ಹೆಸರು ಹೇಳಿದಳು. ತವರು ರಾಯಚೂರ ಕಡೆ.

“ತೀರಿಹೋದ ಸ್ಟೇಷನ್ನಿಗೆ ನೀರು ಬಿಡಾಕತ್ತೀನವ್ವ.”

“ಇದು ತೀರಿಲ್ಲ, ಜೀವಂತ ಐತಿ. ಊಟದ ಹೊತ್ತಂತ ಸುಮ್ಮನ ಬಿದ್ದೈತಿ ನೋಡ್ರಿ. ನೀವು ಹೇಳೋದು ಆ ಹಳೇದು, ಗೋಡಿ ದಾಟಿ ಮುಂದ.”

ಮಾತು ಮುಗಿಯುವ ಮುಂಚೆಯೇ ಲೋಕಲ್ ರೈಲು ಬಂದು ನಿಂತಿತು. ಬುಟ್ಟಿಯವರು, ಕೂಸಿನವರು, ಆಫೀಸಿನವರು ಒದ್ದೆ ಕಲ್ಲನ್ನು ತುಳಿದುಕೊಂಡು ಹೋದರು. ವಿರೂಪಾಕ್ಷಪ್ಪ ಉಸಿರಿರುವುದಕ್ಕೆ ಸತ್ತವರ ನೀರು ಬಿಟ್ಟಿದ್ದ. ಗೆಳೆಯ ಒಪ್ಪಿಸಿದ ಒಂದೇ ಒಂದು ಕೆಲಸ ಕೆಟ್ಟುಹೋಯಿತೆಂದು ಬೆಂಚಿನ ಮೇಲೆ ಕುಸಿದು ಕೂತ.

“ಅಪಶಕುನ ಮಾಡಿದ್ನೆವ್ವ ನಾನು.”

“ಧೂಳು ಕೂಡ್ರಿಸಿ ನನ್ನ ಕೆಲಸ ಅರ್ಧ ಮಾಡೀರಿ,” ಎಂದಳು ಮಾಬುಬೀ. “ನಾಳಿನೂ ಬರ್ರಿ.”

ಅಮರೇಶ್ವರಿಗೆ ನಗು ತಡೆಯಲಾಗಲಿಲ್ಲ. ಮಣ್ಣಾದ ದಿನದಿಂದ ಅವಳು ನಕ್ಕಿರಲಿಲ್ಲ. “ಕಾಕಾ, ಅಪ್ಪ ಇದ್ದಿದ್ರ ಇದನ್ನ ಡಿಪೋ ತುಂಬ ಹೇಳ್ಕೋತ ತಿರುಗ್ತಿದ್ದ. ಅಂವ ಹೇಳಿದ್ದು ನೆನಪೈತಿಲ್ಲ, ಜೀವ ಇದ್ದದ್ದಕ್ಕ ಏನು?”

ವಿರೂಪಾಕ್ಷಪ್ಪ ಪೂಜೆಯ ಚೀಲಕ್ಕೆ ಕೈ ಹಾಕಿದ. ಬೆಳಿಗ್ಗೆ ನೈವೇದ್ಯ ಮಾಡಿದ ಕಲ್ಲುಸಕ್ಕರೆಯಿತ್ತು. ಒಂದು ಹರಳನ್ನು ಫಲಾಟಿನ ಅಂಚಿಗಿಟ್ಟ, ಉಳಿದದ್ದನ್ನು ಮಾಬುಬೀಯ ಅಂಗೈಗೆ ಹಾಕಿದ. “ತಪ್ಪಾತವ್ವ. ನಿಮ್ಮ ಸ್ಟೇಷನ್ ನೂರು ವರ್ಷ ಬಾಳ್ಲಿ.” ಅವಳು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಎದ್ದು ದಾರಿ ತೋರಿಸಲು ಬಂದಳು.

ಗೋಡೆಯಾಚೆ ಹಳೆಯದಿತ್ತು. ಹಳಿಯಿರಲಿಲ್ಲ. ಫಲಾಟಿನ ಮೇಲೆ ಹುಲ್ಲು ಬೆಳೆದಿತ್ತು, ಬೇವಿನ ಎಲೆ ಉದುರಿ ಬಿದ್ದಿದ್ದವು. ತಂಬಿಗೆಯ ತಳದಲ್ಲಿ ಒಂದು ಗುಟುಕಿನಷ್ಟು ದೊಣೆಯ ನೀರು ಉಳಿದಿತ್ತು. ಮಾಬುಬೀ ತನ್ನ ಬಾಟಲಿಯ ನೀರನ್ನು ಅದಕ್ಕೆ ಸುರಿಯಲು ಹೋಗಿ, ಅವನ ಹಣೆಯ ವಿಭೂತಿ ಕಂಡು ಕೈ ತಡೆದಳು. ಹೊರಗಿನ ನೀರು ಒಗ್ಗದ ವಿರೂಪಾಕ್ಷಪ್ಪ ತಂಬಿಗೆಯನ್ನು ತಾನೇ ಮುಂದೆ ಹಿಡಿದ.

“ಸುರಿಯವ್ವ. ಅಂವಗ ಎಲ್ಲಾ ಊರಿನ ನೀರೂ ಒಗ್ಗತಿತ್ತು.”

ಅಮರೇಶ್ವರಿ ತಂಬಿಗೆಗೆ ಕೈಗೂಡಿಸಿದಳು. ನೀರು ಹುಲ್ಲಿನ ಬೇರಿಗೆ ಇಳಿಯಿತು. ವಿರೂಪಾಕ್ಷಪ್ಪ ಕಣ್ಣು ಮುಚ್ಚಿ ಕೈಮುಗಿದ.

“ಮಲ್ಲಯ್ಯಾ, ಸಾವಿರಾರು ಮಂದಿನ ಅವರವರ ಊರು ಮುಟ್ಟಿಸಿದಂವ ನಮ್ಮ ಗಾದಿಲಿಂಗ. ಅಂವನ್ನ ನಿನ್ನ ಊರು ಮುಟ್ಟಿಸು. ಎಲ್ಲೂ ನಿಂದರಿಸಬ್ಯಾಡ, ಕಾಯಿಸಬ್ಯಾಡ. ಅಂವನ ಜೀವಕ್ಕ ಶಾಂತಿ ಕೊಡು, ತಂದೆ.”